ರೋಮನ್ನರ ಉಡುಗೆ ತೊಡುಗೆ: ಯಾರು ಏನು ತೊಡಬಹುದಿತ್ತು?

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ರೋಮ್ ಎಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ಜೂಲಿಯಸ್ ಸೀಸರ್, ಮೈತುಂಬ ಬಿಳಿ ಬಟ್ಟೆ ಸುತ್ತಿಕೊಂಡವನು. ಆ ಬಟ್ಟೆಯ ಹೆಸರು ಟೋಗಾ. ಉಣ್ಣೆಯದು, ಒಬ್ಬನೇ ಸುತ್ತಿಕೊಳ್ಳಲು ಕಷ್ಟವಾಗುವಷ್ಟು ದೊಡ್ಡದು. ಇಟಲಿಯ ಬೇಸಿಗೆಯಲ್ಲಿ ಅದನ್ನು ಹೊತ್ತು ತಿರುಗುವುದು ಸುಖವೇನಲ್ಲ. ಆದರೂ ತೊಡುತ್ತಿದ್ದರು. ಏಕೆಂದರೆ ಅದು ರೋಮಿನ ನಾಗರಿಕನಿಗೆ ಮಾತ್ರ ಇದ್ದ ಹಕ್ಕು. ಗುಲಾಮನಿಗಾಗಲಿ ಪರದೇಶದವನಿಗಾಗಲಿ ಇರಲಿಲ್ಲ. ದೊಡ್ಡ ಅಧಿಕಾರಿಯ ಟೋಗಾದ ಅಂಚಿಗೆ ನೇರಳೆ ಪಟ್ಟಿ. ಅತ್ಯುತ್ತಮ ನೇರಳೆ ಬಣ್ಣ ಸಿಗುತ್ತಿದ್ದುದು ಮ್ಯೂರೆಕ್ಸ್ ಎಂಬ ಕಡಲಬಸವನಹುಳುವಿನಿಂದ. 1909ರಲ್ಲಿ ಫ್ರೀಡ್‌ಲೆಂಡರ್ ಎಂಬ ರಸಾಯನ ವಿಜ್ಞಾನಿ 12,000 ಹುಳುಗಳಿಂದ ತೆಗೆದ ಬಣ್ಣ ಕೇವಲ 1.4 ಗ್ರಾಂ!

ಗುಲಾಮರಿಗೆ ಬೇರೆಯೇ ಒಂದು ಉಡುಪು ಗೊತ್ತುಮಾಡಬೇಕೆಂದು ಒಮ್ಮೆ ಸೆನೆಟ್ ಸಭೆಯಲ್ಲಿ ಸೂಚನೆ ಬಂದಿತ್ತೆಂದು ತತ್ತ್ವಜ್ಞಾನಿ ಸೆನೆಕಾ ಬರೆದಿದ್ದಾನೆ. ಆಮೇಲೆ ಯಜಮಾನರಿಗೇ ಹೆದರಿಕೆಯಾಯಿತು: ಎಲ್ಲರೂ ಒಂದೇ ಉಡುಪಿನಲ್ಲಿ ಬೀದಿಗಿಳಿದರೆ ತಾವೆಷ್ಟು ಜನ ಇದ್ದೇವೆಂದು ಗುಲಾಮರಿಗೆ ಲೆಕ್ಕ ಸಿಕ್ಕಿಬಿಡುತ್ತದಲ್ಲ!

ಈಗ ಹೆಣ್ಣುಮಕ್ಕಳು ಗಮನವಿಟ್ಟು ಕೇಳಬೇಕಾದ ಮಾತು. ಕ್ರಿ.ಪೂ. 216ರಲ್ಲಿ ಕ್ಯಾನೆ ಎಂಬಲ್ಲಿ ಹ್ಯಾನಿಬಾಲನ ಕೈಯಲ್ಲಿ ರೋಮ್ ಭಾರೀ ಸೋಲು ಕಂಡಿತು. ಮರುವರ್ಷವೇ ಒಪ್ಪಿಯನ್ ಕಾನೂನು ಬಂತು. ಹೆಂಗಸರು ಅರ್ಧ ಔನ್ಸಿಗಿಂತ ಹೆಚ್ಚು ಚಿನ್ನ ಇಟ್ಟುಕೊಳ್ಳಬಾರದು; ನಮ್ಮ ಲೆಕ್ಕದಲ್ಲಿ ಒಂದು ತೊಲಕ್ಕಿಂತ ತುಸು ಹೆಚ್ಚು, ಅಷ್ಟೇ. ಬಣ್ಣಬಣ್ಣದ ಬಟ್ಟೆ ತೊಡಬಾರದು. ಹಬ್ಬದ ಪೂಜೆಗಲ್ಲದೆ ಪಟ್ಟಣದೊಳಗೆ ಬಂಡಿ ಏರಬಾರದು. ಯುದ್ಧ ಮುಗಿಯಿತು, ಗಂಡಸರ ಸಿರಿವಂತಿಕೆ ಮರಳಿತು, ಕಾನೂನು ಮಾತ್ರ ಉಳಿಯಿತು. ಕ್ರಿ.ಪೂ. 195ರಲ್ಲಿ ಅದನ್ನು ರದ್ದುಮಾಡುವ ಚರ್ಚೆ ಎದ್ದಾಗ ಹೆಂಗಸರು ಬೀದಿಗೆ ಬಂದು ನಿಂತರು. ಕೇಟೋ ಎಂಬ ಕಾನ್ಸಲ್ ಕೆರಳಿದ: ಇಂದು ಇವರು ನಮ್ಮ ಸಮಾನರಾದರೆ ನಾಳೆ ನಮ್ಮ ಮೇಲೆಯೇ ಏರುತ್ತಾರೆ ಎಂದ. ವಲೇರಿಯಸ್ ಎಂಬವನು ಹೆಂಗಸರ ಪರ ನಿಂತು, ನಿನ್ನ ಕುದುರೆಗೆ ಹಾಸುವ ಬಟ್ಟೆ ನಿನ್ನ ಹೆಂಡತಿಯ ಸೀರೆಗಿಂತ ಚೆಂದ ಇರಬೇಕೆ ಎಂದು ಕೇಳಿದ. (ಸೀರೆ ಎಂಬುದು ನನ್ನ ಅನುವಾದ.) ಇದನ್ನೆಲ್ಲ ಬರೆದವನು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದ ಬಳಿಕ ಬಂದ ಇತಿಹಾಸಕಾರ ಲಿವಿ, ಮಾತುಗಳು ಬಹುಮಟ್ಟಿಗೆ ಅವನವೇ. ಕಾನೂನು ರದ್ದಾದದ್ದು ನಿಜ. ಆದರೆ ವಲೇರಿಯಸನ ವಾದ ನನಗೆ ಪೂರ್ತಿ ಹಿಡಿಸುವುದಿಲ್ಲ. ಹೆಂಗಸರಿಗೆ ಅಧಿಕಾರವಿಲ್ಲ, ಪದವಿಯಿಲ್ಲ, ಒಡವೆಯಾದರೂ ಇರಲಿ ಬಿಡಿ ಎಂಬುದು ಅವನ ಧಾಟಿ. ಅಧಿಕಾರ ಏಕಿಲ್ಲ ಎಂದು ಅವನು ಕೇಳಲಿಲ್ಲ.

ಅದನ್ನು ಕೇಳಿದವಳು ಹೊರ್ಟೆನ್ಸಿಯಾ. ಕ್ರಿ.ಪೂ. 42ರಲ್ಲಿ ಅಂತರ್ಯುದ್ಧದ ಖರ್ಚಿಗೆಂದು 1,400 ಶ್ರೀಮಂತ ಹೆಂಗಸರ ಆಸ್ತಿಯ ಮೇಲೆ ತೆರಿಗೆ ಹಾಕಿದಾಗ ಅವಳು ಸಾರ್ವಜನಿಕ ಚೌಕದಲ್ಲೇ ನಿಂತು ಮಾತಾಡಿದಳು. ಆಡಳಿತದಲ್ಲಿ ಪಾಲಿಲ್ಲದ ನಾವು ತೆರಿಗೆ ಏಕೆ ಕೊಡಬೇಕು ಎಂಬುದು ಅವಳ ಪ್ರಶ್ನೆ. ಪಟ್ಟಿ 400ಕ್ಕೆ ಇಳಿಯಿತು. ಆ ಭಾಷಣವನ್ನು ತನ್ನ ಕಾಲದಲ್ಲೂ, ಅಂದರೆ ನೂರಕ್ಕೂ ಹೆಚ್ಚು ವರ್ಷಗಳ ಬಳಿಕವೂ, ಜನ ಓದುತ್ತಿದ್ದಾರೆಂದು ಕ್ವಿಂಟಿಲಿಯನ್ ಎಂಬ ಅಧ್ಯಾಪಕ ಬರೆದಿದ್ದಾನೆ.

ಇನ್ನು ಆಡಂಬರದ ಕಥೆ. ಚಕ್ರವರ್ತಿ ಕ್ಯಾಲಿಗುಲಾನ ಹೆಂಡತಿಯಾಗಿದ್ದ ಲೋಲಿಯಾ ಪೌಲಿನಾ ಒಂದು ಸಾಮಾನ್ಯ ನಿಶ್ಚಿತಾರ್ಥದ ಊಟಕ್ಕೆ ತಲೆ, ಕಿವಿ, ಕೊರಳು, ಬೆರಳು ಎಲ್ಲೆಲ್ಲೂ ಪಚ್ಚೆ ಮತ್ತು ಮುತ್ತು ಧರಿಸಿ ಬಂದದ್ದನ್ನು ಪ್ಲಿನಿ ಕಣ್ಣಾರೆ ನೋಡಿದ್ದ. ಬೆಲೆ 4 ಕೋಟಿ ಸೆಸ್ಟರ್ಸ್. ಯಾರಾದರೂ ಕೇಳಿದರೆ ತೋರಿಸಲು ರಸೀದಿಯೂ ಸಿದ್ಧ! ಆಗ ಒಬ್ಬ ಸಿಪಾಯಿಯ ವರ್ಷದ ಸಂಬಳ 900 ಸೆಸ್ಟರ್ಸ್. ಲೆಕ್ಕ ಹಾಕಿ ನೋಡಿ, 44 ಸಾವಿರ ಸಿಪಾಯಿಗಳ ವರ್ಷದ ದುಡಿಮೆ ಒಬ್ಬಳ ಮೈಮೇಲೆ. ಅದೂ ಅವಳ ಅಜ್ಜ ಪ್ರಾಂತಗಳನ್ನು ಸುಲಿದು ತಂದದ್ದೆಂದು ಪ್ಲಿನಿಯ ಟೀಕೆ. ನಮ್ಮ ಮದುವೆ ಮನೆಗಳಲ್ಲಿ ರಸೀದಿ ತರುವವರಿಲ್ಲ. ಬೆಲೆ ಮಾತ್ರ ಎಲ್ಲರಿಗೂ ಗೊತ್ತಿರುತ್ತದೆ.

ಮುತ್ತು, ರತ್ನ, ನವಿರಾದ ಹತ್ತಿಬಟ್ಟೆ, ಮೆಣಸು, ಇವೆಲ್ಲ ಹೋಗುತ್ತಿದ್ದುದು ಇಂಡಿಯಾದಿಂದ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಇಂಡಿಯಾಕ್ಕೆ ಹರಿದುಹೋಗುತ್ತಿದೆ ಎಂದು ಪ್ಲಿನಿ ಗೊಣಗಿದ್ದಾನೆ. ಹರಿದು ಬಂದ ಹಣದ ಕುರುಹು ನಮ್ಮಲ್ಲೂ ಉಂಟು: ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಆ ನಾಣ್ಯದ ಹೆಸರು ದೆನಾರಿಯಸ್. ಉರ್ದು ತರಗತಿಯ ಮಕ್ಕಳು ಈಗಾಗಲೇ ಊಹಿಸಿರಬೇಕು, ನಮ್ಮ 'ದೀನಾರ್' ಹುಟ್ಟಿದ್ದು ಅದರಿಂದಲೇ. ಕುರ್‌ಆನಿನ ಆಲೆ ಇಮ್ರಾನ್ ಸೂರಾದಲ್ಲೂ ಆ ಪದವಿದೆ.

ಕೊನೆಯದಾಗಿ ಒಂದು ಬಳೆ. ಪ್ಲಿನಿ ಸತ್ತದ್ದು ಕ್ರಿ.ಶ. 79ರ ವೆಸುವಿಯಸ್ ಸ್ಫೋಟದಲ್ಲಿ. ಅದೇ ಸ್ಫೋಟದಲ್ಲಿ ಮಡಿದ ಒಬ್ಬ ಹೆಂಗಸಿನ ಅಸ್ಥಿ 2000ದಲ್ಲಿ ಪಾಂಪೆ ಪಟ್ಟಣದ ಹೊರಗೆ ಸಿಕ್ಕಿತು. ತೋಳಿನಲ್ಲಿ ಹಾವಿನಾಕಾರದ ಚಿನ್ನದ ಬಳೆ. ಒಳಬದಿಯಲ್ಲಿ ಮೂರು ಲ್ಯಾಟಿನ್ ಪದಗಳು: ಯಜಮಾನನಿಂದ ತನ್ನ ದಾಸಿಗೆ. ಇದು ಪ್ರೀತಿಯ ಕಾಣಿಕೆಯೋ ಒಡೆತನದ ಗುರುತೋ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ನಾನಂತೂ ಎರಡೂ ಹೌದೆನ್ನುವೆ. ಬಳೆಯ ಮೇಲೆ ಅವಳ ಹೆಸರಿಲ್ಲ.