ಕಟ್ಟಡದ ಮೇಲ್ವಿಚಾರಕನ ಸಂಬಳವೂ ಕಸ ಗುಡಿಸುವವಳ ಕೂಲಿಯೂ

(ಹೊರಗುತ್ತಿಗೆಯ ಮೇಲೆ ಶುಚಿ ಕೆಲಸ, ಕಾವಲು ಕೆಲಸ ಮಾಡುವವರ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾವು ಮಾತಾಡಹೊರಟಿರುವುದು ಸಂಬಳದ ವಿಷಯ. ಆದರೆ ನಿಮ್ಮ ಸಂಬಳದಿಂದ ಆರಂಭಿಸುವುದಿಲ್ಲ. ನಿಮ್ಮ ಮೇಲಿನವನ ಸಂಬಳದಿಂದ ಆರಂಭಿಸುತ್ತೇವೆ. ಮೇಲಿನವನ ಸಂಬಳ ಯಾವುದರಿಂದ ಏರುತ್ತದೆಂಬುದು ತಿಳಿದರೆ, ಕೆಳಗಿನವರ ಕೂಲಿ ಏಕೆ ಏರುವುದಿಲ್ಲವೆಂಬುದು ತಾನಾಗಿ ತಿಳಿಯುತ್ತದೆ.

ದೊಡ್ಡ ಕಟ್ಟಡಗಳಲ್ಲಿ ಕೆಲಸ ಮಾಡುವ ನಿಮಗೆ ಫೆಸಿಲಿಟಿ ಮ್ಯಾನೇಜರು ಎಂಬ ಮಾತು ಗೊತ್ತು. ಅವನ ಮೇಲೆ, ಹತ್ತಾರು ಕಟ್ಟಡಗಳಿಗೆ ಒಬ್ಬನಂತೆ, ಫೆಸಿಲಿಟೀಸ್ ಡೈರೆಕ್ಟರು ಇರುತ್ತಾನೆ. ಡೈರೆಕ್ಟರು ಎಂದ ಮಾತ್ರಕ್ಕೆ ಇವನು ಕಂಪನಿಯ ಆಡಳಿತ ಮಂಡಳಿಯಲ್ಲಿ ಕೂರುವವನಲ್ಲ, ಸಂಬಳಕ್ಕೆ ದುಡಿಯುವವನೇ. ಲಿಫ್ಟು ನಿಲ್ಲಬಾರದು, ಕರೆಂಟು ಹೋದರೆ ಜನರೇಟರು ಹತ್ತಬೇಕು, ಎ.ಸಿ. ನಡೆಯಬೇಕು, ನೀರು ಬರಬೇಕು, ಕೊಳಚೆ ನೀರಿನ ಘಟಕ ಕೆಡಬಾರದು, ಬೆಂಕಿ ಬಿದ್ದರೆ ಜನ ಹೊರಗೆ ಬರಲು ದಾರಿ ಇರಬೇಕು, ನೆಲ ಕನ್ನಡಿಯಂತಿರಬೇಕು, ಕಕ್ಕಸು ನಾರಬಾರದು. ಇದೆಲ್ಲದರ ಜವಾಬ್ದಾರಿ ಅವನದು. ಇದು ಸುಳ್ಳು ಕೆಲಸವಲ್ಲ. ಒಂದು ಆಸ್ಪತ್ರೆಯಲ್ಲಿ ಕರೆಂಟು ಹತ್ತು ನಿಮಿಷ ಹೋದರೆ ಏನಾಗುತ್ತದೆಂದು ಯೋಚಿಸಿದರೆ ಈ ಕೆಲಸದ ತೂಕ ತಿಳಿಯುತ್ತದೆ.

ಅವನಿಗೆ ಎಷ್ಟು ಸಿಗುತ್ತದೆ? ನಮ್ಮಲ್ಲಿ ಇಂಥ ಸಂಬಳಗಳು ಗುಟ್ಟಿನ ಮಾತು. ಅಮೆರಿಕದಲ್ಲಿ ಸರ್ಕಾರದ ಕಾರ್ಮಿಕ ಅಂಕಿ ಅಂಶಗಳ ಇಲಾಖೆ ಇವನ್ನು ವರ್ಷವರ್ಷವೂ ಅಚ್ಚು ಹಾಕುತ್ತದೆ. ಈ ಹುದ್ದೆ ತನ್ನ ಹೆಸರಿನೊಡನೆ ನಮ್ಮ ನಾಡಿಗೆ ಬಂದದ್ದೂ ಆ ಕಡೆಯಿಂದಲೇ. ಇದರ ವೃತ್ತಿ ಸಂಘ ಅಲ್ಲಿ 1980ರಲ್ಲೇ ಹುಟ್ಟಿತು. ಬೆಂಗಳೂರಿನ ಎಷ್ಟೋ ಗಾಜಿನ ಕಟ್ಟಡಗಳಲ್ಲಿ ಬಾಡಿಗೆಗೆ ಕೂತಿರುವ ಕಂಪನಿಗಳೂ ಅಲ್ಲಿನವೇ. ಆದ್ದರಿಂದ ಅಲ್ಲಿನ ಲೆಕ್ಕವನ್ನೇ ಮೊದಲು ನೋಡೋಣ.

ಆ ಇಲಾಖೆ 2018ರ ಉದ್ಯೋಗ ಪಟ್ಟಿಯಲ್ಲಿ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರುಗಳಿಗೆ ಪ್ರತ್ಯೇಕ ಸಂಖ್ಯೆ ಕೊಟ್ಟಿತು. ಅವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಂತವನಿಗೆ 2023ರಲ್ಲಿ ಸಿಕ್ಕದ್ದು ವರ್ಷಕ್ಕೆ ಸುಮಾರು 1 ಲಕ್ಷ ಡಾಲರು. ಸಾಲಿನ ಮೇಲ್ತುದಿಯವರು ಒಂದೂವರೆ ಲಕ್ಷವನ್ನು ದಾಟುತ್ತಾರೆ. ಡೈರೆಕ್ಟರೆಂಬ ಹೆಸರಿನವರು ಹೆಚ್ಚಾಗಿ ಆ ತುದಿಯವರೇ. ಅದೇ ಇಲಾಖೆಯ ಅದೇ ವರ್ಷದ ಲೆಕ್ಕದಲ್ಲಿ, ಕಟ್ಟಡ ಗುಡಿಸಿ ಒರೆಸುವವರ ಸಾಲಿನ ನಡುವೆ ನಿಂತವನಿಗೆ ಸಿಕ್ಕದ್ದು ಸುಮಾರು 35 ಸಾವಿರ ಡಾಲರು. ಅಂದರೆ ಒಂದಕ್ಕೆ ಮೂರು. ಬಂಡವಾಳಶಾಹಿಯ ತವರಿನಲ್ಲೇ ನಡುವಿನವರ ಅಂತರ ಇಷ್ಟು. ನಿಮ್ಮ ನಿಮ್ಮ ಕಟ್ಟಡಗಳಲ್ಲಿ ಇದು ಒಂದಕ್ಕೆ ಎಷ್ಟೆಂಬುದನ್ನು ನಾವು ಹೇಳುವುದಿಲ್ಲ. ನೀವೇ ವಿಚಾರಿಸಿ ಲೆಕ್ಕ ಹಾಕಿರಿ.

ಇನ್ನು ಈ ಮೇಲ್ವಿಚಾರಕನ ಸಂಬಳವನ್ನು ಏರಿಸುವ, ಇಳಿಸುವ ಸಂಗತಿಗಳು ಯಾವುವು? ಮೊದಲನೆಯದು ವಿಸ್ತಾರ. ಒಂದು ಕಟ್ಟಡವೋ ಇಪ್ಪತ್ತೋ, ಎಷ್ಟು ಲಕ್ಷ ಚದರಡಿ, ಎಷ್ಟು ಕೋಟಿಯ ಖರ್ಚು ಅವನ ಕೈಯಲ್ಲಿ ಹಾದುಹೋಗುತ್ತದೆ ಎಂಬುದು. ಎರಡನೆಯದು ಕಟ್ಟಡದ ಬಗೆ. ಶಾಲೆಯ ಕಟ್ಟಡ ನೋಡಿಕೊಳ್ಳುವವನಿಗಿಂತ ಔಷಧದ ಕಾರ್ಖಾನೆ, ಕಂಪ್ಯೂಟರುಗಳ ದತ್ತಾಂಶ ಕೇಂದ್ರ ಇವನ್ನು ನೋಡಿಕೊಳ್ಳುವವನಿಗೆ ಹೆಚ್ಚು. ಅಲ್ಲಿ ಒಂದು ಗಳಿಗೆ ಯಂತ್ರ ನಿಂತರೆ ನಷ್ಟ ದೊಡ್ಡದು. ಮೂರನೆಯದು ಊರು. ಮಹಾನಗರದಲ್ಲಿ ಹೆಚ್ಚು, ಜಿಲ್ಲೆಯ ಊರಿನಲ್ಲಿ ಕಡಿಮೆ. ನಾಲ್ಕನೆಯದು ಓದು ಮತ್ತು ಅನುಭವ. ಎಂಜಿನಿಯರಿಂಗು ಓದಿದ್ದಾನೆಯೇ, ವೃತ್ತಿ ಸಂಘದ ಪ್ರಮಾಣಪತ್ರವಿದೆಯೇ ಎಂದು ಕೇಳುತ್ತಾರೆ. 2018ರಲ್ಲಿ ಈ ಕೆಲಸಕ್ಕೆಂದೇ 41001 ಎಂಬ ಸಂಖ್ಯೆಯ ಐ.ಎಸ್.ಒ. ಮಾನದಂಡವೂ ಬಂದಿತು. ಐದನೆಯದು ಯಜಮಾನ ಯಾರೆಂಬುದು. ಕಟ್ಟಡದ ಕಂಪನಿಯೇ ನೇರವಾಗಿ ನೇಮಿಸಿಕೊಂಡವನ ಸ್ಥಿತಿ ಒಂದು. ಏಜೆನ್ಸಿಯ ಮೂಲಕ ಬಂದವನ ಸ್ಥಿತಿ ಇನ್ನೊಂದು.

ಈ ಐದರಲ್ಲಿ ನಮಗೆ ತಕರಾರಿಲ್ಲ. ಹೆಚ್ಚು ಜವಾಬ್ದಾರಿ, ಹೆಚ್ಚು ತಿಳುವಳಿಕೆ ಇದ್ದವನಿಗೆ ಸ್ವಲ್ಪ ಹೆಚ್ಚು ಸಿಗಲಿ. ತಕರಾರು ಆರನೆಯದರಲ್ಲಿದೆ. ಅದರ ಹೆಸರು ಉಳಿತಾಯ.

ಕಟ್ಟಡದ ಖರ್ಚನ್ನು ಈ ವರ್ಷ ಎಷ್ಟು ಇಳಿಸಿದೆ ಎಂಬುದು ಮೇಲ್ವಿಚಾರಕನ ಯೋಗ್ಯತೆಯ ಅಳತೆಯಾಗಿಬಿಟ್ಟಿದೆ. ಇಳಿಸಿದವನಿಗೆ ಬಡ್ತಿ, ಬಹುಮಾನ, ಇಳಿಸದವನಿಗೆ ಪ್ರಶ್ನೆ. ಸರಿ, ಉಳಿತಾಯ ಎಲ್ಲಿಂದ ಬರಬೇಕು? ವಿದ್ಯುತ್ ಉಳಿಸುವ ದೀಪ ಹಾಕಿ ಉಳಿಸಬಹುದು, ನೀರಿನ ಸೋರಿಕೆ ನಿಲ್ಲಿಸಿ ಉಳಿಸಬಹುದು. ಅದು ಜಾಣತನ, ಅದನ್ನು ನಾವು ಹೊಗಳುತ್ತೇವೆ. ಆದರೆ ದೀಪವನ್ನು ಒಂದು ಸಲ ಬದಲಿಸಬಹುದು. ಮುಂದಿನ ವರ್ಷವೂ ಖರ್ಚು ಇಳಿಯಬೇಕೆಂದರೆ ಕೈ ಹೋಗುವುದು ಮನುಷ್ಯರ ಮೇಲೆಯೇ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆಂದು ಇಟ್ಟುಕೊಂಡ ಲೆಕ್ಕ. ನಿಮ್ಮ ಕೂಲಿಯ ಅಂಕಿ ಹಾಕಿ ನೀವೂ ಮಾಡಿನೋಡಿರಿ. ಕಸ ಗುಡಿಸುವ ಒಬ್ಬ ತಾಯಿಯ ತಿಂಗಳ ಸಂಬಳ 15,000 ರೂಪಾಯಿ ಎನ್ನಿ. ಅದರ ಮೇಲೆ ಮಾಲೀಕನ ಪಾಲಿನ ಪಿ.ಎಫ್., ಅದರ ಆಡಳಿತ ವೆಚ್ಚ, ವಿಮೆ ಸೇರಿ ನೂರಕ್ಕೆ 13ರಂತೆ 1,950. ಇ.ಎಸ್.ಐ. ನೂರಕ್ಕೆ ಮೂರೂಕಾಲರಂತೆ ಸುಮಾರು 488. ಗುತ್ತಿಗೆದಾರನ ಸೇವಾ ಶುಲ್ಕ ನೂರಕ್ಕೆ 5 ಎಂದು ಹಿಡಿದರೆ ಸುಮಾರು 872. ಇದೆಲ್ಲದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ. ಸುಮಾರು 3,296. ಬೋನಸ್ಸು, ರಜೆ ಸಂಬಳ ಬಿಟ್ಟು ಬಿಲ್ಲಿನ ಮೊತ್ತ ಸುಮಾರು 21,600. ಆ ತಾಯಿಯ ಪಾಲಿನ ಪಿ.ಎಫ್. 1,800, ಇ.ಎಸ್.ಐ. ಸುಮಾರು 113 ಕಳೆದರೆ ಆಕೆ ಮನೆಗೆ ಒಯ್ಯುವುದು ಸುಮಾರು 13,087.

ಈಗ ಮೇಲ್ವಿಚಾರಕನ ಕಣ್ಣಿನಿಂದ ಈ ಬಿಲ್ಲನ್ನು ನೋಡಿರಿ. ಸರ್ಕಾರದ ತೆರಿಗೆಯನ್ನು ಅವನು ಮುಟ್ಟಲಾರ. ಪಿ.ಎಫ್., ಇ.ಎಸ್.ಐ. ಮುಟ್ಟಿದರೆ ಕಾನೂನು ಬಾಗಿಲು ತಟ್ಟುತ್ತದೆ. ಉಳಿದದ್ದು ತಲೆಗಳ ಸಂಖ್ಯೆ. ಮೂರು ಲಕ್ಷ ಚದರಡಿಯ ಕಟ್ಟಡಕ್ಕೆ 120 ಜನ ಇದ್ದರೆ ಒಬ್ಬರ ಪಾಲಿಗೆ 2,500 ಚದರಡಿ. 12 ಜನರನ್ನು ತೆಗೆದರೆ ವರ್ಷಕ್ಕೆ 31 ಲಕ್ಷ ರೂಪಾಯಿ ಉಳಿಯಿತು! ಉಳಿದ 108 ಜನರಲ್ಲಿ ಪ್ರತಿಯೊಬ್ಬರ ಸೊಂಟದ ಮೇಲೆ ಸುಮಾರು 278 ಚದರಡಿ ಹೆಚ್ಚು ಬಿತ್ತು. ಕೂಲಿ ಒಂದು ಕಾಸೂ ಏರಲಿಲ್ಲ. ವರ್ಷದ ಕೊನೆಗೆ ಉಳಿತಾಯದ ಪತ್ರ ಮೇಲಕ್ಕೆ ಹೋಗುತ್ತದೆ. ಅದರಲ್ಲಿ 31 ಲಕ್ಷ ಇರುತ್ತದೆ, ಸೊಂಟ ಇರುವುದಿಲ್ಲ.

ಇದು ನಮ್ಮ ಕಲ್ಪನೆಯೆಂದು ಯಾರಾದರೂ ಹೇಳಿಯಾರು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಅರಿಂದ್ರಜಿತ್ ದುಬೆ ಮತ್ತು ಈಥನ್ ಕಪ್ಲಾನ್ ಇದನ್ನೇ ಅಳೆದು 2010ರಲ್ಲಿ ಪ್ರಕಟಿಸಿದರು. ಅದೇ ಕೆಲಸವನ್ನು ಗುತ್ತಿಗೆಯ ಮೂಲಕ ಮಾಡುವವರಿಗೆ ಎಷ್ಟು ಕಡಿಮೆ ಸಿಗುತ್ತದೆ? ಶುಚಿ ಕೆಲಸದವರಿಗೆ ನೂರಕ್ಕೆ 4ರಿಂದ 7, ಕಾವಲುಗಾರರಿಗೆ ನೂರಕ್ಕೆ 8ರಿಂದ 24. ಕೈ ಅದೇ, ಪೊರಕೆ ಅದೇ, ನೆಲ ಅದೇ. ಹಾಜರಿ ಪುಸ್ತಕದ ಮೇಲಿನ ಹೆಸರು ಬದಲಾದದ್ದಕ್ಕೆ ಕೂಲಿ ಇಳಿಯಿತು.

ನಮ್ಮ ದೇಶದ ಕಾನೂನು ಇದನ್ನು ಕಾಣದೆ ಇರಲಿಲ್ಲ. 1970ರಲ್ಲಿ ಗುತ್ತಿಗೆ ಕಾರ್ಮಿಕರ ಕಾಯಿದೆ ಬಂತು. ಅದರ ಅಧಿಕಾರದಿಂದ 1976ರ ಡಿಸೆಂಬರ್ 9ರಂದು ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ತನ್ನ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳನ್ನು ಗುಡಿಸುವುದು, ಶುಚಿ ಮಾಡುವುದು, ಧೂಳು ಒರೆಸುವುದು, ಕಾಯುವುದು ಈ ನಾಲ್ಕು ಕೆಲಸಗಳಲ್ಲಿ ಗುತ್ತಿಗೆಯನ್ನು ನಿಷೇಧಿಸಿತು. 1996ರಲ್ಲಿ ಏರ್ ಇಂಡಿಯಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಗಿ, ಗುತ್ತಿಗೆ ನಿಷೇಧವಾದ ಕಡೆ ಆ ಕೆಲಸಗಾರರು ಮುಖ್ಯ ಮಾಲೀಕನ ಕೆಲಸಗಾರರೇ ಆಗುತ್ತಾರೆಂದು ಹೇಳಿತು. ಐದು ವರ್ಷ ಆಸೆ ಚಿಗುರಿತು. 2001ರ ಆಗಸ್ಟ್ 30ರಂದು ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಅದೇ ಕೋರ್ಟಿನ ಐವರ ಪೀಠ ಆ ತೀರ್ಪನ್ನು ತಳ್ಳಿಹಾಕಿ, 1976ರ ಅಧಿಸೂಚನೆಯನ್ನೂ ರದ್ದು ಮಾಡಿತು.

ಈಗಿನ ಸ್ಥಿತಿ ಇನ್ನೂ ಕೆಳಗೆ ಇಳಿದಿದೆ. 2020ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾಗಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕೂಡದೆಂದು ಹೇಳಿದ್ದಾರೆ. ಕೇಳಲು ಸೊಗಸು. ಆದರೆ ಯಾವುದು ಮುಖ್ಯ ಕೆಲಸವಲ್ಲ ಎಂಬುದಕ್ಕೆ ಒಂದು ಪಟ್ಟಿ ಇಟ್ಟಿದ್ದಾರೆ. ಅದರ ತಲೆಯಲ್ಲೇ ಗುಡಿಸುವುದು, ಶುಚಿ ಮಾಡುವುದು, ಕಸ ಸಾಗಿಸುವುದು. ಆಮೇಲೆ ಕಾವಲು, ಕ್ಯಾಂಟೀನು, ತೋಟ, ಹೌಸ್‌ಕೀಪಿಂಗು. 1976ರಲ್ಲಿ ಗುತ್ತಿಗೆ ಕೂಡದೆಂದ ಕೆಲಸಗಳಿಗೇ 2020ರಲ್ಲಿ ಗುತ್ತಿಗೆ ಆಗಬಹುದೆಂಬ ಮುದ್ರೆ ಬಿದ್ದಿತು. ಹಳೆಯ ಕಾಯಿದೆ 20 ಗುತ್ತಿಗೆ ಕಾರ್ಮಿಕರಿದ್ದ ಕಡೆ ಅನ್ವಯಿಸುತ್ತಿತ್ತು. ಹೊಸದರಲ್ಲಿ ಆ ಸಂಖ್ಯೆ 50.

ನಾವು ಕೇಳುತ್ತೇವೆ: ಆಸ್ಪತ್ರೆಯಲ್ಲಿ ನೆಲ ಒರೆಸುವುದು ಮುಖ್ಯ ಕೆಲಸವಲ್ಲವೇ? ಶಸ್ತ್ರಚಿಕಿತ್ಸೆಯ ಕೋಣೆ ಒಂದು ದಿನ ಶುಚಿಯಾಗದಿದ್ದರೆ ಡಾಕ್ಟರು ಕತ್ತಿ ಹಿಡಿಯುತ್ತಾರೆಯೇ? ಕಟ್ಟಡ ಶುಚಿಯಾಗಿರುವುದು ಮುಖ್ಯವಲ್ಲವೆಂದಾದರೆ, ಅದನ್ನು ಶುಚಿಯಾಗಿಡಿಸುವ ಮೇಲ್ವಿಚಾರಕನಿಗೆ ಅಷ್ಟು ಸಂಬಳ ಏತಕ್ಕೆ? ಅವನ ಕೆಲಸ ಮುಖ್ಯವೆಂದರೆ ಅವನ ಕೈಕೆಳಗಿನ ಕೆಲಸವೂ ಮುಖ್ಯ.

1963ರಲ್ಲಿ ಲೋಕಸಭೆಯಲ್ಲಿ ಡಾಕ್ಟರ್ ಲೋಹಿಯಾ ಈ ದೇಶದ ಬಡವನ ದಿನದ ಆದಾಯ ಮೂರಾಣೆ ಎಂದು ಹೇಳಿ ಸರ್ಕಾರದಿಂದ ಲೆಕ್ಕ ಕೇಳಿದರು. ಆದಾಯಗಳ ಅಂತರ ಒಂದಕ್ಕೆ ಹತ್ತನ್ನು ಮೀರಬಾರದೆಂಬುದು ಅವರ ಬೇಡಿಕೆಯಾಗಿತ್ತು. ಇಂದು ಷೇರು ಪೇಟೆಯಲ್ಲಿರುವ ಕಂಪನಿಗಳು ಆಡಳಿತ ಮಂಡಳಿಯ ಪ್ರತಿ ಡೈರೆಕ್ಟರನ ಸಂಬಳ ನಡುವಿನ ನೌಕರನ ಸಂಬಳದ ಎಷ್ಟು ಪಟ್ಟು ಎಂಬುದನ್ನು 2013ರ ಕಂಪನಿ ಕಾಯಿದೆಯಂತೆ ಪ್ರಕಟಿಸಬೇಕು. ಒಳ್ಳೆಯದೇ. ಆದರೆ ಆ ನೌಕರರ ಸಾಲಿನಲ್ಲಿ ನೀವು ನಿಂತಿಲ್ಲ. ನೀವು ಗುತ್ತಿಗೆದಾರನ ಜನ. ನಿಮ್ಮನ್ನು ಸಾಲಿನಿಂದ ಹೊರಗಿಟ್ಟೇ ಅಂತರ ಅಷ್ಟಾದರೆ, ನಿಮ್ಮನ್ನು ಸೇರಿಸಿದರೆ ಎಷ್ಟಾದೀತು?

ಹಾಗಾದರೆ ಮೇಲ್ವಿಚಾರಕ ನಮ್ಮ ಶತ್ರುವೇ? ಅಲ್ಲ. ಎಷ್ಟೋ ಕಟ್ಟಡಗಳಲ್ಲಿ ಅವನೂ ಏಜೆನ್ಸಿಯ ಮನುಷ್ಯ. ಗುತ್ತಿಗೆ ಬದಲಾದ ದಿನ ಅವನ ಕುರ್ಚಿಯೂ ಅಲುಗಾಡುತ್ತದೆ. ಅವನ ಕೈಗೆ ಕತ್ತರಿ ಕೊಟ್ಟವರು ಬೇರೆ ಇದ್ದಾರೆ. ಕತ್ತರಿ ಹಿಡಿದವನನ್ನು ಬೈದು ಮನೆಗೆ ಹೋದರೆ ನಾಳೆ ಇನ್ನೊಬ್ಬನ ಕೈಗೆ ಅದೇ ಕತ್ತರಿ ಬರುತ್ತದೆ.

ಇದನ್ನು ಅರಿತವರು ಅಮೆರಿಕದ ಕಸ ಗುಡಿಸುವವರು. 1985ರಲ್ಲಿ ಡೆನ್ವರ್ ನಗರದಲ್ಲಿ ಅವರ ಸಂಘ ಹೊಸ ಚಳವಳಿ ಆರಂಭಿಸಿತು. ಗುತ್ತಿಗೆದಾರನೊಡನೆ ಮಾತ್ರ ಜಗಳವಾಡಿದರೆ ಕಟ್ಟಡದ ಒಡೆಯ ಅವನನ್ನು ಬಿಟ್ಟು ಅಗ್ಗದ ಇನ್ನೊಬ್ಬನನ್ನು ತರುತ್ತಾನೆ. ಆದ್ದರಿಂದ ಅವರು ನೇರವಾಗಿ ಕಟ್ಟಡದ ಒಡೆಯರ ಬಾಗಿಲಿಗೆ ಹೋದರು. 1990ರ ಜೂನ್ 15ರಂದು ಲಾಸ್ ಏಂಜಲೀಸಿನ ಸೆಂಚುರಿ ಸಿಟಿಯಲ್ಲಿ ಪೊಲೀಸರು ಅವರ ಮೆರವಣಿಗೆಯ ಮೇಲೆ ಲಾಠಿ ಬೀಸಿದರು. ಅವರು ಚದುರಿ ಸುಮ್ಮನಾಗಲಿಲ್ಲ. ಕೊನೆಗೆ ಒಪ್ಪಂದ ಪಡೆದರು. ದೂರದ ಮಾತೇಕೆ? ನಮ್ಮ ಕರ್ನಾಟಕದಲ್ಲೇ 2022ರ ಜುಲೈಯಲ್ಲಿ ಪೌರಕಾರ್ಮಿಕರು ರಾಜ್ಯದುದ್ದಕ್ಕೂ ಪೊರಕೆ ಕೆಳಗಿಟ್ಟರು. ಊರುಗಳು ಕಸದ ರಾಶಿಯಾದವು. ಹಲವು ವರ್ಷ ಕೊಟ್ಟ ಮನವಿ ಪತ್ರಗಳಿಗೆ ಕರಗದ ಸರ್ಕಾರ ಅವರನ್ನು ಖಾಯಂ ಮಾಡುವ ಮಾತಿಗೆ ಇಳಿಯಿತು. ಆ ಬೀದಿ ಗುಡಿಸುವ ಕೈಗೂ ಕಟ್ಟಡದೊಳಗೆ ಗುಡಿಸುವ ಕೈಗೂ ನಡುವೆ ಇರುವುದು ಒಂದು ಗಾಜಿನ ಬಾಗಿಲು ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು: ಪ್ರತಿ ಕಟ್ಟಡದ ಗುತ್ತಿಗೆಯಲ್ಲಿ ಎಷ್ಟು ಜನ, ಎಷ್ಟು ಕೂಲಿ, ಎಷ್ಟು ಸೇವಾ ಶುಲ್ಕ ಎಂಬುದನ್ನು ಹಾಜರಿ ಹಾಕುವ ಜಾಗದಲ್ಲೇ ಗೋಡೆಗೆ ಅಂಟಿಸಬೇಕು. ಎರಡು: ಜನರನ್ನು ಕಡಿಮೆ ಮಾಡಿದ ಉಳಿತಾಯದಿಂದ ಯಾವ ಮೇಲ್ವಿಚಾರಕನಿಗೂ ಬಹುಮಾನ ಕೊಡಬಾರದು. ಮೂರು: ಗುತ್ತಿಗೆದಾರ ಬದಲಾದರೂ ಕೆಲಸಗಾರರು ಬದಲಾಗಬಾರದು, ಅವರ ಸೇವೆಯ ವರ್ಷಗಳು ಮುಂದುವರಿಯಬೇಕು. ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಎಂದು ಕಾನೂನು ಹೇಳುತ್ತದೆ. ಎರಡು ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾದರೆ ಆ ಐದು ಯಾವಾಗ ತುಂಬಬೇಕು? ನಾಲ್ಕು: ಗುಡಿಸುವುದು, ಕಾಯುವುದು ಮುಖ್ಯ ಕೆಲಸಗಳೆಂದು ಸಂಹಿತೆಯನ್ನು ತಿದ್ದಬೇಕು.

ಗುತ್ತಿಗೆದಾರ ಕೂಲಿ ಕೊಡದೆ ಹೋದರೆ ಮುಖ್ಯ ಮಾಲೀಕನೇ ಕೊಡಬೇಕೆಂಬ ಮಾತು ಈಗಿನ ಸಂಹಿತೆಯಲ್ಲೂ ಉಳಿದಿದೆ. ಅದನ್ನು ಇಂದೇ ಬಳಸಿಕೊಳ್ಳಿರಿ. ತಿಂಗಳ ಸಂಬಳದ ಚೀಟಿಯನ್ನು ಕೇಳಿ ಪಡೆಯಿರಿ. ಪಿ.ಎಫ್. ಕಟ್ಟಿದ್ದಾರೆಯೇ ಎಂದು ನೋಡಿರಿ. ಓದಲು ಬಾರದವರು ಮನೆಯ ಮಕ್ಕಳಿಂದ ಓದಿಸಿರಿ. ಒಬ್ಬರು ಕೇಳಿದರೆ ಅವರನ್ನು ಬೇರೆ ಕಟ್ಟಡಕ್ಕೆ ಹಾಕುತ್ತಾರೆ. ನೂರಾ ಎಂಟು ಜನವೂ ಒಂದೇ ದಿನ ಕೇಳಿದರೆ ಎಲ್ಲರನ್ನೂ ಹಾಕಲು ಅವರ ಬಳಿ ಬೇರೆ ಕಟ್ಟಡವಿಲ್ಲ. ಸಂಘ ಕಟ್ಟಿರಿ ಎಂದು ನಾವು ಹೇಳುವುದರ ಅರ್ಥ ಇಷ್ಟೆ.