ಆಪರೇಷನ್ ಇಲ್ಲದೆಯೂ ಮಾಯುವ ಗಾಯ



ಸಾಲ, ಗೊಬ್ಬರದ ಮಾತು ಬೇರೆಯವರು ಆಡಿದ್ದಾರೆ. ನಾನು ಯಾರೂ ಬಾಯಿಬಿಡದ ಒಂದು ನೋವಿನ ಬಗ್ಗೆ ಹೇಳುತ್ತೇನೆ, ನಗಬ್ಯಾಡ್ರಿ. ಸಂಡಾಸಕ್ಕೆ ಕುಂತಾಗ ಬ್ಲೇಡಿನಿಂದ ಕೊಯ್ದಂಗೆ ಉರಿ, ನಾಲ್ಕು ಹನಿ ರಕ್ತ. ನಾವು ಎಲ್ಲದಕ್ಕೂ ಮೂಲವ್ಯಾಧಿ ಅಂತೀವಿ. ಬಹಳ ಸಲ ಅದು ಗುದದ್ವಾರದ ಬಿರುಕು. ಡಾಕ್ಟರು ಫಿಶರ್ ಎನ್ನುತ್ತಾರೆ. 6 ವಾರ ದಾಟಿದರೆ ಅದು ಹಳೆಯ ಬಿರುಕು. ಒಳಗಿನ ಸ್ನಾಯು ಬಿಗಿದು, ರಕ್ತ ಸಾಲದೆ ಗಾಯ ಮಾಯುವುದಿಲ್ಲ. ನೋವಿಗೆ ಹೆದರಿ ತಡೆದುಕೊಂಡರೆ ಮಲ ಇನ್ನೂ ಗಟ್ಟಿ. ಕತ್ತಲಾಗಲಿ ಎಂದು ಕಾಯುವ ಹೆಣ್ಣುಮಕ್ಕಳ ಕಷ್ಟವಂತೂ ಕೇಳಬ್ಯಾಡ್ರಿ.

ತುಂಗಭದ್ರಾ ಕಾಲುವೆ ಬಂತು, ಭತ್ತ ಬೆಳೆದೆವು, ಮೂರು ಹೊತ್ತೂ ಬಿಳಿ ಅನ್ನ ಉಣ್ಣುವುದು ಕಲಿತೆವು. ಜೋಳದ ರೊಟ್ಟಿ, ಪುಂಡಿಪಲ್ಲೆ, ಕಾಳು ಮತ್ತೆ ತಾಟಿಗೆ ಬರಲಿ. ನೀರು ಚೆನ್ನಾಗಿ ಕುಡಿಯಬೇಕು, ರಾತ್ರಿ ಇಸಬಗೋಲು. ಅಗಲ ಬುಟ್ಟಿಯ ಉಗುರುಬೆಚ್ಚಗಿನ ನೀರಿನಲ್ಲಿ ದಿನಕ್ಕೆ 2-3 ಸಲ, 10-15 ನಿಮಿಷ ಕೂಡಬೇಕು.

ಇಷ್ಟಕ್ಕೆ ಬಗ್ಗದಿದ್ದರೆ ಡಾಕ್ಟರು ಬರೆದುಕೊಡುವ ಶೇ. 2ರ ಡಿಲ್ಟಿಯಾಜೆಮ್ ಮುಲಾಮು ಇದೆ. ಸ್ನಾಯು ಸಡಿಲಿಸುತ್ತದೆ. ದಿನಕ್ಕೆ 2 ಸಲ, 6-8 ವಾರ. ಉರಿ ತಗ್ಗಿತೆಂದು ನಡುವೆ ಬಿಡಬಾರದು. ನೈಟ್ರೋಗ್ಲಿಸರಿನ್ ಮುಲಾಮೂ ಇದೆ, ಆದರೆ ಬಹಳ ಮಂದಿಗೆ ತಲೆನೋವು. ದೊಡ್ಡ ಆಸ್ಪತ್ರೆಗಳಲ್ಲಿ ಬೊಟಾಕ್ಸ್ ಇಂಜೆಕ್ಷನ್ನೂ ಕೊಡುತ್ತಾರೆ. ಆಪರೇಷನ್ ಇವಕ್ಕಿಂತ ಖಾತ್ರಿ, ಸುಳ್ಳಲ್ಲ. ಆದರೆ ಕೆಲವರಿಗೆ ಮಲದ ಹಿಡಿತ ತಪ್ಪುವುದುಂಟು, ಅದಕ್ಕೇ ಅದು ಕೊನೆಗೆ.

ಗೋಡೆ ಮೇಲೆ ‘ಗ್ಯಾರಂಟಿ ಗುಣ’ ಎಂದು ಬರೆಸಿದವರ ಹತ್ತಿರ ಹೋಗಬ್ಯಾಡ್ರಿ. ಸಿರುಗುಪ್ಪಕ್ಕೋ ಬಳ್ಳಾರಿಗೋ ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿರಿ. ರಕ್ತ ನಿಲ್ಲದೆ, ಮೈ ಇಳಿಯುತ್ತಿದ್ದರೆ ಅದು ಬೇರೆ ರೋಗವೂ ಇರಬಹುದು, ಒಂದು ದಿನವೂ ತಡ ಮಾಡಬ್ಯಾಡ್ರಿ.