ವಾರದ ಮಾತ್ರೆ ಮತ್ತು ಬೆಳಗಿನ ಕಾಫಿ



ಮೂಳೆಸವೆತದ ಔಷಧಗಳ ಬಗ್ಗೆ ಇಲ್ಲಿ ಇವತ್ತು ಇಡೀ ದಿನ ಮಾತಾಡಲಿದ್ದೇವೆ. ನಾನು ಮೂಳೆ ತಜ್ಞನಲ್ಲ, ಸಾಮಾನ್ಯ ವೈದ್ಯ. ಹೀಗಾಗಿ ಸ್ಲೈಡುಗಳ ಬದಲು ಒಂದು ಬಿಸ್ಕತ್ತಿನ ಡಬ್ಬಿಯಿಂದ ಶುರುಮಾಡುತ್ತೇನೆ.

ತಿಪಟೂರಿನ ಕಡೆಯ ಒಬ್ಬ ಅಜ್ಜಿ. ಎಪ್ಪತ್ತು ದಾಟಿತ್ತು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಹತ್ತಿರ ಮುರಿದುಕೊಂಡು ಬಂದರು. ಏನೇನು ಮಾತ್ರೆ ನಡೀತಿದೆ ಎಂದು ಕೇಳಿದಾಗ ಸೊಸೆ ಒಂದು ಹಳೆಯ ತಗಡಿನ ಬಿಸ್ಕತ್ತು ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಅದರಲ್ಲಿ ಮೂಳೆಸವೆತಕ್ಕೆ ವಾರಕ್ಕೊಂದರಂತೆ ನುಂಗಲು ನಾನೇ ಬರೆದುಕೊಟ್ಟಿದ್ದ ಅಲೆಂಡ್ರೊನೇಟ್ 70 ಮಿಲಿಗ್ರಾಂನ ಪಟ್ಟಿಗಳು, ಸುಮಾರು ಹನ್ನೊಂದು ತಿಂಗಳಿನವು. ಎರಡು ಮಾತ್ರೆ ಬಿಟ್ಟರೆ ಉಳಿದದ್ದೆಲ್ಲ ಹಾಗೇ ಇತ್ತು. ಕೇಸ್ ಶೀಟಿನಲ್ಲಿ ನಾನು ಬರೆದದ್ದು ಎರಡೇ ಪದ: ‘ನಾನ್ ಕಂಪ್ಲಯಂಟ್’. ಹೇಳಿದ ಮಾತು ಕೇಳದವಳು ಎಂದು ಅದರ ಅರ್ಥ.

ಆಪರೇಷನ್ ಆಗಿ, ವಾಕರ್ ಹಿಡಿದು ಓಡಾಡುವಂತಾದ ಮೇಲೆ ಒಂದು ದಿನ ಕೇಳಿದೆ, ಯಾಕಮ್ಮಾ ನುಂಗಲಿಲ್ಲ ಎಂದು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. “ಏಳುತ್ಲೇ ನುಂಗು, ಅರ್ಧ ಗಂಟೆ ಕಾಫಿ ಕುಡೀಬೇಡ, ಮಲಗಬೇಡ ಅಂದ್ರಿ. ಕಾಫಿ ಕುಡೀಲಿಲ್ಲ. ಮಲಗೂ ಇಲ್ಲ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋಕೆ ಬಗ್ಗಿದ್ದೇ ತಡ, ಎದೆಯೊಳಗೆ ಕೆಂಡ ಇಟ್ಟಂಗಾಯ್ತು. ಎರಡು ವಾರ ನೋಡಿದೆ. ಬಿಟ್ಟೆ.” ಹೇಳಬಹುದಿತ್ತಲ್ಲ ಅಂದೆ. “ನೀವೆಲ್ಲಿ ಕೇಳಿದ್ರಿ? ಮಾತ್ರೆ ತಗೋತಿದೀರಾ ಅಂದ್ರಿ, ಹೂಂ ಅಂದೆ. ಬಿಪಿ ಮಾತ್ರೆ ತಗೋತಿದ್ನಲ್ಲ.”

ಅಜ್ಜಿ ಸುಳ್ಳು ಹೇಳಿರಲಿಲ್ಲ. ನನ್ನ ಪ್ರಶ್ನೆಯೇ ಸೋಮಾರಿ ಪ್ರಶ್ನೆಯಾಗಿತ್ತು.

ಈ ಮಾತ್ರೆಯ ಹಟ ಎಂಥದ್ದೆಂದು ನಿಮಗೆ ಗೊತ್ತು. ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಿದರೂ ನೂರರಲ್ಲಿ ಒಂದು ಪಾಲು ಕೂಡ ರಕ್ತ ಸೇರುವುದಿಲ್ಲ. ಕಾಫಿಯ ಜೊತೆ ನುಂಗಿದರೆ ಆ ಚೂರಿನಲ್ಲೂ ಸುಮಾರು 60 ಪ್ರತಿಶತ ಖೋತಾ. ಅನ್ನನಾಳಕ್ಕೆ ಅಂಟಿಕೊಂಡರೆ ಸುಡುತ್ತದೆ. ಈ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಮರುವರ್ಷವೇ ಅನ್ನನಾಳದ ಹುಣ್ಣಿನ ವರದಿಗಳು ವೈದ್ಯಪತ್ರಿಕೆಯಲ್ಲಿ ಬಂದವು. ತುಂಬಿದ ಲೋಟ ನೀರು, ಅರ್ಧ ಗಂಟೆ ನೆಟ್ಟಗೆ ಎಂಬ ನಿಯಮವನ್ನು ನಾವು ಅಷ್ಟು ಒತ್ತಿ ಹೇಳುವುದು ಅದಕ್ಕೇ. ಹೇಳುತ್ತೇವೇನೋ ಸರಿ, ಆದರೆ ನಮ್ಮ ಕಡೆಯ ಹೆಂಗಸಿನ ಬೆಳಗಿನ ಮೊದಲ ಅರ್ಧ ಗಂಟೆ ಹೇಗಿರುತ್ತದೆ ಎಂದು ಯೋಚಿಸಿದ್ದೇವೆಯೇ? ಕಸ ಗುಡಿಸುವುದು, ಬಾಗಿಲು ಸಾರಿಸುವುದು, ರಂಗೋಲಿ, ಕೊಟ್ಟಿಗೆ. ಎಲ್ಲವೂ ಬಗ್ಗಿ ಮಾಡುವ ಕೆಲಸ. ಮಲಗಬೇಡಿ ಎಂದಷ್ಟೇ ಹೇಳಿ ಕಳಿಸುತ್ತೇವೆ, ಬಗ್ಗಬೇಡಿ ಎನ್ನುವುದಿಲ್ಲ. ಇನ್ನೂ ಒಂದು ಎಡವಟ್ಟಿದೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆಗೇ ನುಂಗಿಬಿಡುವವರು ಎಷ್ಟೋ ಜನ. ಆಗ ವಾರದ ಮಾತ್ರೆ ಹೊಟ್ಟೆಯಲ್ಲೇ ಕಟ್ಟಿಹಾಕಿಸಿಕೊಂಡು ಹೊರಗೆ ಹೋಗುತ್ತದೆ. ಮಲಬದ್ಧತೆ, ಹೊಟ್ಟೆಯುಬ್ಬರ ಮಾತ್ರ ಉಳಿಯುತ್ತದೆ. ಅದು ಬಹುಮಟ್ಟಿಗೆ ಕ್ಯಾಲ್ಸಿಯಂನ ಕಾಟ, ಕೆಟ್ಟ ಹೆಸರು ಬರುವುದು ವಾರದ ಮಾತ್ರೆಗೆ.

ಕನ್ನಡದಲ್ಲಿ ವಾಸಿಯಾಗುವುದಕ್ಕೆ ಗುಣವಾಗುವುದು ಎನ್ನುತ್ತೇವೆ. ಮೂಳೆಸವೆತದ ಔಷಧದ ತೊಂದರೆ ಇರುವುದೇ ಇಲ್ಲಿ. ಇದರ ಗುಣ ರೋಗಿಗೆ ಗೊತ್ತಾಗುವುದೇ ಇಲ್ಲ. ನೋವಿನ ಮಾತ್ರೆ ನುಂಗಿದರೆ ನೋವು ಇಳಿಯುತ್ತದೆ. ಇದನ್ನು ನುಂಗಿದರೆ ಮುಂದೆ ಎಂದೋ ಬಿದ್ದಾಗ ಮೂಳೆ ಮುರಿಯದೆ ಇರಬಹುದು. ಮುರಿಯದ ಮೂಳೆಯನ್ನು ಯಾರು ನೋಡಿದ್ದಾರೆ? ಕಣ್ಣಿಗೆ ಕಾಣುವುದು ಎದೆಯುರಿ, ಮೈಕೈ ನೋವು, ಬಿಲ್ಲು. ಮಾತ್ರೆ ಶುರುಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ವರ್ಷದೊಳಗೆ ಬಿಟ್ಟುಬಿಡುತ್ತಾರೆ ಎಂದರೆ ನನಗಂತೂ ಆಶ್ಚರ್ಯವಿಲ್ಲ. ಉಳಿದರ್ಧ ಜನ ಬಿಡದೆ ನುಂಗುತ್ತಾರಲ್ಲ, ಅದೇ ಆಶ್ಚರ್ಯ.

ಮೂಳೆಸಾಂದ್ರತೆಯ ಸ್ಕ್ಯಾನಿನ ಸಂಖ್ಯೆ ತೋರಿಸಿ ಸಮಾಧಾನ ಹೇಳುವ ಅಭ್ಯಾಸ ನಮಗಿದೆ. ಮೈನಸ್ 2.9 ಇದ್ದದ್ದು ಮೈನಸ್ 2.6 ಆಗಿದೆ, ನೋಡಿ ಎನ್ನುತ್ತೇವೆ. ಸಾಂದ್ರತೆಯನ್ನೇ ಬಲ ಎಂದು ನಂಬುವವರು ಒಮ್ಮೆ ಪಾವಗಡಕ್ಕೆ ಹೋಗಿಬರಬೇಕು. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಕುಡಿದು ಬೆನ್ನು ಮರಗಟ್ಟಿದವರ ಎಕ್ಸ್‌ರೇಯಲ್ಲಿ ಮೂಳೆ ಬೆಳ್ಳಗೆ, ಗಟ್ಟಿಯಾಗಿ ಕಾಣುತ್ತದೆ. ಇದೇ ಫ್ಲೋರೈಡನ್ನು ಒಂದು ಕಾಲದಲ್ಲಿ ಮೂಳೆಸವೆತಕ್ಕೆ ಮದ್ದೆಂದು ಕೊಟ್ಟು ನೋಡಿದ್ದರು. 1990ರಲ್ಲಿ ಅಮೆರಿಕದಿಂದ ಬಂದ ಫಲಿತಾಂಶ ಇದು: ನಾಲ್ಕು ವರ್ಷದಲ್ಲಿ ಸೊಂಟದ ಬೆನ್ನುಮೂಳೆಯ ಸಾಂದ್ರತೆ 35 ಪ್ರತಿಶತ ಏರಿತು, ಬೆನ್ನುಮೂಳೆಯ ಮುರಿತ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಉಳಿದ ಕಡೆಯ ಮುರಿತಗಳು ಹೆಚ್ಚಿದವು. ಇಂದಿನ ಔಷಧಗಳು ಹಾಗಲ್ಲ, ಅವು ಮುರಿತವನ್ನೇ ತಗ್ಗಿಸುತ್ತವೆ ಎಂಬುದಕ್ಕೆ ಗಟ್ಟಿ ಆಧಾರವಿದೆ. ಆದರೂ ಸಂಖ್ಯೆಯ ಮುಂದೆ ರೋಗಿಯ ಮಾತನ್ನು ಬದಿಗೆ ಸರಿಸುವಾಗಲೆಲ್ಲ ನನಗೆ ಪಾವಗಡ ನೆನಪಾಗುತ್ತದೆ.

ವರ್ಷಕ್ಕೊಮ್ಮೆ ಹಾಕುವ ಜೊಲೆಡ್ರೊನಿಕ್ ಆಸಿಡ್ ಡ್ರಿಪ್ಪಿಗೆ ಬರೋಣ. ಬೆಳಗಿನ ಎದೆಯುರಿಯ ಗೋಜಿಲ್ಲ, ಹದಿನೈದು ನಿಮಿಷದ ಕೆಲಸ. 2007ರ ದೊಡ್ಡ ಪ್ರಯೋಗದಲ್ಲಿ ಮೂರು ವರ್ಷಕ್ಕೆ ಸೊಂಟದ ಮುರಿತ 41 ಪ್ರತಿಶತ, ಬೆನ್ನುಮೂಳೆಯ ಮುರಿತ 70 ಪ್ರತಿಶತ ಕಡಿಮೆಯಾಯಿತು. ಮೊದಲ ಡ್ರಿಪ್ಪಾದ ಮೂರು ದಿನದೊಳಗೆ ಸುಮಾರು ಮೂವರಲ್ಲಿ ಒಬ್ಬರಿಗೆ ಜ್ವರ, ತಲೆನೋವು, ಮೈಯೆಲ್ಲ ಜಜ್ಜಿದಂಥ ನೋವು ಬಂತು ಎಂಬುದೂ ಅದೇ ಪ್ರಯೋಗದಲ್ಲಿದೆ. ಎರಡನೆಯ ವರ್ಷ ಅದು ನೂರಕ್ಕೆ ಏಳಕ್ಕೂ ಕೆಳಗಿಳಿಯಿತು. ಈ ಎರಡು ಅಂಕಿಗಳನ್ನು ಮೊದಲೇ ಹೇಳಿ, ನಾಲ್ಕು ಪ್ಯಾರಾಸಿಟಮಾಲ್ ಕೈಗಿಟ್ಟು ಕಳಿಸಿದರೆ ಜ್ವರ ಬಂದ ರಾತ್ರಿ ಮನೆಯವರು ‘ಡಾಕ್ಟರು ಹೇಳಿದ ಹಾಗೇ ಆಯ್ತು’ ಎನ್ನುತ್ತಾರೆ. ಹೇಳದೆ ಕಳಿಸಿದರೆ ‘ಮದ್ದು ಮೈಗೆ ಒಗ್ಗಲಿಲ್ಲ’ ಎನ್ನುತ್ತಾರೆ, ಮತ್ತೆ ಬರುವುದಿಲ್ಲ. ಜ್ವರ ಒಂದೇ. ಹೇಳಿದ್ದಕ್ಕೂ ಹೇಳದ್ದಕ್ಕೂ ಇರುವ ಅಂತರ ಒಂದು ಜೀವದಷ್ಟು ದೊಡ್ಡದಾಗಬಹುದು. ಸೊಂಟ ಮುರಿದವರಲ್ಲಿ ಐದರಲ್ಲಿ ಒಬ್ಬರ ಆಸುಪಾಸು ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂಬುದು ನೆನಪಿರಲಿ.

ಈಗ ಆರು ತಿಂಗಳಿಗೊಮ್ಮೆ ಚುಚ್ಚುವ ಡೆನೋಸುಮ್ಯಾಬ್. ಇದರ ವಿಷಯದಲ್ಲಿ ನನ್ನ ಹೊಟ್ಟೆಯಲ್ಲಿ ಇನ್ನೂ ಒಂದು ಸಂಕಟವಿದೆ. ಮೈಸೂರಿನ ಒಬ್ಬ ನಿವೃತ್ತ ಶಿಕ್ಷಕಿ ಮೂರು ವರ್ಷ ತಪ್ಪದೆ ಹಾಕಿಸಿಕೊಂಡರು. ಯಾವ ತೊಂದರೆಯೂ ಇರಲಿಲ್ಲ. ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟರು. ಸಿಕ್ಕಿದ್ದು ಆರು ತಿಂಗಳ ವಾಸದ ಅನುಮತಿ. ಇಂಜೆಕ್ಷನ್ ಬಾಕಿ ಬಿದ್ದದ್ದು ಅಲ್ಲಿಗೆ ಹೋದ ಮೂರನೆಯ ವಾರದಲ್ಲಿ. ಅಲ್ಲಿ ಅದರ ಬೆಲೆ ಕೇಳಿ, ‘ಚೆನ್ನಾಗೇ ಇದೀನಲ್ಲ, ಊರಿಗೆ ಹೋದಮೇಲೆ ಹಾಕಿಸ್ಕೋತೀನಿ’ ಎಂದರಂತೆ. ಐದನೆಯ ತಿಂಗಳಲ್ಲಿ ಮಗುವನ್ನು ತೊಟ್ಟಿಲಿನಿಂದ ಎತ್ತುವಾಗ ಬೆನ್ನಲ್ಲಿ ಛಳಕು ಹೊಡೆಯಿತು. ವಾಪಸು ಬಂದಾಗ ಮೂರು ಬೆನ್ನುಮೂಳೆಗಳು ಕುಸಿದಿದ್ದವು. ಈ ಔಷಧವನ್ನು ನಿಲ್ಲಿಸಿದರೆ ಅದುಮಿಟ್ಟಿದ್ದ ಸವೆತ ಸ್ಪ್ರಿಂಗಿನಂತೆ ಪುಟಿಯುತ್ತದೆ, ಒಂದೇ ಬಾರಿಗೆ ಹಲವು ಬೆನ್ನುಮೂಳೆಗಳು ಮುರಿಯುವ ಅಪಾಯವಿದೆ, ನಿಲ್ಲಿಸಲೇಬೇಕಾದರೆ ಬೇರೆ ಔಷಧದಿಂದ ಆಸರೆ ಕೊಡಬೇಕು. ನಮಗೆ ಇದೆಲ್ಲ ಗೊತ್ತು. ಆಕೆಯ ಕಾರ್ಡಿನಲ್ಲಿ ಇದ್ದದ್ದು ‘ಪ್ರತಿ 6 ತಿಂಗಳಿಗೊಮ್ಮೆ’ ಎಂದಷ್ಟೆ. ತಪ್ಪಿಸಿದರೆ ಏನಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಊರು ಬಿಡುವ ಯೋಚನೆ ಇದೆಯಾ ಎಂದೂ ಕೇಳಿರಲಿಲ್ಲ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಮಕ್ಕಳಿರುವ ತಾಯಂದಿರು ನಮ್ಮ ಒಪಿಡಿಯಲ್ಲಿ ಈಗ ಅಪರೂಪವೇನಲ್ಲ. ಪ್ರಯಾಣದ ದಿನಾಂಕ ಕೇಳುವುದು ಔಷಧ ಬರೆಯುವುದರ ಒಂದು ಭಾಗವೇ ಆಗಬೇಕು.

ಇನ್ನು ಎಲ್ಲರೂ ಹೆದರುವ ಎರಡು ಅಪರೂಪದ ತೊಂದರೆಗಳು. ದವಡೆಮೂಳೆ ಕೊಳೆಯುವುದನ್ನು 2003ರಲ್ಲಿ ಮಯಾಮಿಯ ದಂತಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ವರದಿಮಾಡಿದರು. ಆ ರೋಗಿಗಳಲ್ಲಿ ಹೆಚ್ಚಿನವರು ಅಲೆಂಡ್ರೊನೇಟ್, ಜೊಲೆಡ್ರೊನಿಕ್ ಆಸಿಡ್ ಬಗೆಯ ಔಷಧವನ್ನು ಕ್ಯಾನ್ಸರಿಗಾಗಿ ರಕ್ತನಾಳದ ಮೂಲಕ ಪಡೆದವರು. ಮೂಳೆಸವೆತದ ಪ್ರಮಾಣದಲ್ಲಿ ಅದು ಬಲು ವಿರಳ. ಹಲ್ಲಿನ ಕೆಲಸವಿದ್ದರೆ ಔಷಧ ಶುರುಮಾಡುವ ಮೊದಲೇ ಮುಗಿಸಿಕೊಳ್ಳಿ ಎಂದರೆ ಅರ್ಧ ಭಯ ಇಳಿಯುತ್ತದೆ.

ಎರಡನೆಯದು ತೊಡೆಮೂಳೆಯ ವಿಚಿತ್ರ ಮುರಿತ. ಅದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ರೋಗಿಯ ಮಾತನ್ನು ಕೇಳಿದ್ದರೆ ತಪ್ಪಿಸಬಹುದಾದ ಅನಾಹುತ ಇದು. ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಕೆಲವರಿಗೆ, ಬೀಳದೆಯೇ, ನಡೆಯುವಾಗ ತೊಡೆಮೂಳೆ ಅಡ್ಡಡ್ಡ ಮುರಿಯುತ್ತದೆ. ಅದಕ್ಕೆ ವಾರಗಳ, ತಿಂಗಳುಗಳ ಮೊದಲೇ ಅನೇಕರಿಗೆ ತೊಡೆಯಲ್ಲೋ ತೊಡೆಸಂದಿಯಲ್ಲೋ ಮಂದವಾದ ನೋವು ಕಾಣಿಸಿಕೊಂಡಿರುತ್ತದೆ. ರೋಗಿ ಅದನ್ನು ಹೇಳಿಯೂ ಇರುತ್ತಾರೆ. ನಾವು ಸಯಾಟಿಕಾ ಎಂದೋ, ಮಂಡಿ ಸವೆತ ಎಂದೋ, ವಯಸ್ಸಾಯಿತಲ್ಲಮ್ಮ ಎಂದೋ ಕಳಿಸಿರುತ್ತೇವೆ. 2005ರ ಹೊತ್ತಿಗೆ ಇಂಥ ವರದಿಗಳು ಬರತೊಡಗಿದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಹಾಕಿಸಿದ್ದು 2010ರಲ್ಲಿ. ಮೂಲ ಪ್ರಯೋಗಗಳು ನಡೆದದ್ದು ಮೂರು ನಾಲ್ಕು ವರ್ಷ, ಜನ ನುಂಗಿದ್ದು ಎಂಟು ಹತ್ತು ವರ್ಷ. ಆ ಅಂತರದಲ್ಲಿ ಏನಾಯಿತು ಎಂಬುದಕ್ಕೆ ಸಾಕ್ಷಿ ನುಂಗಿದವರೇ. 2020ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಿಂದ ಬಂದ ಲೆಕ್ಕ ನಮಗೆ ಮುಖ್ಯ. 10,000 ಬಿಳಿಯ ಮಹಿಳೆಯರಿಗೆ ಮೂರು ವರ್ಷ ಔಷಧ ಕೊಟ್ಟರೆ 149 ಸೊಂಟದ ಮುರಿತ ತಪ್ಪುತ್ತದೆ, ಈ ವಿಚಿತ್ರ ಮುರಿತ 2 ಆಗುತ್ತದೆ. ಏಷ್ಯಾ ಮೂಲದವರಲ್ಲಿ ತಪ್ಪುವುದು 91, ಆಗುವುದು 8. ಲಾಭ ಈಗಲೂ ಹಲವು ಪಟ್ಟು ಹೆಚ್ಚು, ತಕ್ಕಡಿ ಮಾತ್ರ ಬೇರೆ. ಐದು ವರ್ಷದ ಹೊತ್ತಿಗೆ ನಿಂತು ಮರುಯೋಚಿಸಿ ಎನ್ನುವುದಕ್ಕೆ ಇದೊಂದು ಕಾರಣ. ತೊಡೆ ನೋವು ಎಂದು ಯಾರಾದರೂ ಹೇಳಿದರೆ ಸೊಂಟದಿಂದ ಮಂಡಿಯವರೆಗೆ, ಎರಡೂ ಕಾಲಿನ ಎಕ್ಸ್‌ರೇ ತೆಗೆಸಿ. ಮಾತ್ರೆ ಎಷ್ಟು ವರ್ಷದಿಂದ ನಡೀತಿದೆ ಎಂದು ಮೊದಲು ಕೇಳಿ.

ಹಾಗೆಂದು ರೋಗಿ ಹೇಳಿದ್ದೆಲ್ಲ ಔಷಧದ್ದೇ ಕೆಲಸ ಎನ್ನಲಾರೆ. 1996ರ ಅಲೆಂಡ್ರೊನೇಟ್ ಪ್ರಯೋಗದಲ್ಲಿ ಔಷಧ ನುಂಗಿದವರಷ್ಟೇ ಹುಸಿಮಾತ್ರೆ ನುಂಗಿದವರೂ ಹೊಟ್ಟೆಯ ತೊಂದರೆ ಹೇಳಿಕೊಂಡಿದ್ದರು. ಹೆದರಿಕೆಗೂ ಎದೆಯುರಿ ಬರಿಸುವ ಶಕ್ತಿ ಇದೆ. ಈ ಅಂಕಿಯನ್ನು ಮುಂದಿಟ್ಟು ನಾನೇ ಎಷ್ಟೋ ಹೆಂಗಸರ ಬಾಯಿ ಮುಚ್ಚಿಸಿದ್ದೇನೆ. ಹೊಟ್ಟೆಹುಣ್ಣಿನವರನ್ನು ಆ ಪ್ರಯೋಗದಿಂದ ಮೊದಲೇ ಹೊರಗಿಟ್ಟಿದ್ದರು, ನುಂಗುವ ಕ್ರಮವನ್ನು ಕೂರಿಸಿಕೊಂಡು ಕಲಿಸಿದ್ದರು ಎಂಬುದನ್ನು ಮಾತ್ರ ನಾನು ಹೇಳುತ್ತಿರಲಿಲ್ಲ. ನನ್ನ ರಂಗೋಲಿ ಅಜ್ಜಿ ಅಂಥ ಪ್ರಯೋಗದಲ್ಲಿ ಇರಲಿಲ್ಲ. ಬಾಯಿ ಮುಚ್ಚಿಸಿಕೊಂಡವರು ವಾದ ಮಾಡುವುದಿಲ್ಲ, ಡಬ್ಬಿಯಲ್ಲಿ ಹಾಕಿಡುತ್ತಾರೆ. ಅಡ್ಡಪರಿಣಾಮದ ದೂರನ್ನು ಕೇಳಿಸಿಕೊಂಡರೆ ಜನ ಔಷಧ ಬಿಟ್ಟುಬಿಡುತ್ತಾರೆ ಎಂಬ ಭಯ ನಮ್ಮಲ್ಲಿ ಅನೇಕರಿಗಿದೆ. ನಾನು ಕಂಡದ್ದು ಇದಕ್ಕೆ ವಿರುದ್ಧ. ಅಜ್ಜಿಗೆ ವಾರದ ಮಾತ್ರೆ ನಿಲ್ಲಿಸಿ ಡ್ರಿಪ್ ಹಾಕಿದೆವು, ಜ್ವರ ಬರಬಹುದೆಂದು ಮೊದಲೇ ಹೇಳಿದೆವು. ಜ್ವರ ಬಂತು. ಮರುವರ್ಷ ತಾವೇ ದಿನಾಂಕ ನೆನಪಿಟ್ಟುಕೊಂಡು ಬಂದರು.

ಇವತ್ತಿನ ಗೋಷ್ಠಿಗಳಲ್ಲಿ ಒಂದೇ ಬೇಡಿಕೆ. ಯಾವ ಔಷಧ ಮೇಲು ಎಂಬ ಚರ್ಚೆ ಬೇರೆ ಕಡೆ ಸಾಕಷ್ಟು ನಡೆಯುತ್ತದೆ. ಇಲ್ಲಿ ರೋಗಿಗಳು ಆಡಿದ ಮಾತುಗಳನ್ನು ಆಡಿದ ಹಾಗೆಯೇ ಇಡಿ: ಕೆಂಡ ಇಟ್ಟಂಗಾಯ್ತು, ಛಳಕು ಹೊಡೀತು, ತೊಡೆ ಭಾರ. ಇವನ್ನು ಅವಸರದಲ್ಲಿ ವೈದ್ಯಭಾಷೆಗೆ ತಿರುಗಿಸಬೇಡಿ. ತಿರುಗಿಸುವಾಗಲೇ ಸುಳಿವು ಸೋರಿಹೋಗುತ್ತದೆ.

ಔಷಧದ ಅಡ್ಡಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆ ನಮ್ಮ ದೇಶದಲ್ಲಿ 2010ರಿಂದ ಇದೆ. ಅದರ ಉಚಿತ ಸಹಾಯವಾಣಿ 1800-180-3024. ವೈದ್ಯರಷ್ಟೇ ಅಲ್ಲ, ರೋಗಿಯೂ ಮನೆಯವರೂ ವರದಿ ಕೊಡಬಹುದು. ಅವರಿಗಾಗಿಯೇ ಇರುವ ಫಾರಂ ಕನ್ನಡದಲ್ಲೂ ಇದೆ. ನನ್ನ ನಲವತ್ತು ವರ್ಷದ ವೃತ್ತಿಯಲ್ಲಿ ನಾನು ತುಂಬಿ ಕಳಿಸಿದ್ದು ಮೂರೇ ಮೂರು, ಇದನ್ನು ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಆ ಕನ್ನಡ ಫಾರಂಗಳ ಒಂದು ಕಟ್ಟನ್ನು ಹೊರಗಿನ ನೋಂದಣಿ ಮೇಜಿನ ಮೇಲೆ ಇಡಿಸಿದ್ದೇನೆ. ಊಟಕ್ಕೆ ಹೋಗುವಾಗ ತಲಾ ಹತ್ತು ತೆಗೆದುಕೊಂಡು ಹೋಗಿ.